ಅತ್ತೆಯನ್ನು ಹೊರಗೆ ಕೂರಿಸಿ

"ಮಲಗ್ರಿ, ಮೊಣಕಾಲು ಮಡಚ್ರಿ, ಉಸಿರು ಬಿಡ್ರಿ." ಈ ಮೂರು ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ನನಗೇ ತಿಳಿಯದು. ಈಗ ಮನೆಯಲ್ಲಿ ಮೊಮ್ಮಗಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದುಕೊಂಡರೂ ಬಾಯಿಗೆ ಅದೇ ಬರುತ್ತದೆ. ಗದಗಿನ ಒಂದು ಫಿಜಿಯೋಥೆರಪಿ ದವಾಖಾನೆಯಲ್ಲಿ ದುಡಿದು ದುಡಿದು ಸಾಕಾಗಿ ಬಿಟ್ಟಿದ್ದೇನೆ. ಮೊಣಕಾಲು ಕೆಲಸ ನಿಲ್ಲಿಸಿತು, ನಾನೂ ನಿಲ್ಲಿಸಿದೆ. ನನ್ನ ಜಾಗಕ್ಕೆ ಇಬ್ಬರು ಹುಡುಗಿಯರು ಬಂದಿದ್ದಾರೆ. ಇಬ್ಬರಿಗೂ ಸರ್ಟಿಫಿಕೇಟ್ ಇದೆ, ಅವಸರವೂ ಇದೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳ ಬರಹ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಬೆನ್ನು ನೋವಿಗೆ ಪಿಲಾಟಿಸ್ ಎಂಬ ಕಸರತ್ತು ಹೇಗೆ ಕೆಲಸ ಮಾಡುತ್ತದೆ ಎಂಬುದು ನಿಮ್ಮ ಪುಸ್ತಕದಲ್ಲಿ ಇದೆ. ರತ್ನವ್ವ ನಿಮ್ಮ ಪುಸ್ತಕದಲ್ಲಿ ಇಲ್ಲ. ಆಕೆ ಬೆಟಗೇರಿಯ ನೇಕಾರರ ಮನೆಯ ಸೊಸೆ. ನಾನು ಒಂದು ಮಾತನ್ನು ಆಕೆಯನ್ನೇ ಕೇಳದೆ ಬಿಟ್ಟದ್ದಕ್ಕೆ ಆಕೆ ಕಾಲಿನ ಬಲ ಕಳೆದುಕೊಂಡಳು. ಮತ್ತೆ ಮಗ್ಗಕ್ಕೆ ಕೂಡುತ್ತಾಳೋ ಇಲ್ಲವೋ ಎಂಬುದು ಒಂದು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಹೇಳುವುದಕ್ಕೆ ಮೊದಲು ಆ ಕೆಲಸ ಹೇಗಿತ್ತು ಎಂದು ಹೇಳಬೇಕು. ಇಲ್ಲದಿದ್ದರೆ ಅಂಥ ತಪ್ಪು ಹೇಗೆ ಆಗುತ್ತದೆ ಎಂಬುದು ನಿಮಗೆ ತಿಳಿಯುವುದಿಲ್ಲ, ನೀವೂ ಅದನ್ನೇ ಮಾಡುತ್ತೀರಿ.

ನನ್ನ ತವರು ಡಂಬಳದ ಕಡೆ. ಮದುವೆಯಾಗಿ ಗದಗಿಗೆ ಬಂದ ಮೇಲೆ ಓಣಿಯ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುತ್ತಿದ್ದೆ. ಕೈಯಲ್ಲಿ ಕಸುವು ಇತ್ತು. ಅದನ್ನು ಯಾರೋ ಹೇಳಿ, ದವಾಖಾನೆಯ ದೊಡ್ಡ ಡಾಕ್ಟರು ಕರೆದರು. ಆಗ ಅಲ್ಲಿ ಎಲ್ಲ ಮಷೀನಿನ ಕೆಲಸ. ಪೇಷಂಟ್ ಮಂಚದ ಮೇಲೆ ಮಲಗಬೇಕು, ನಾನು ಬಿಸಿ ಚೀಲ ಇಡಬೇಕು, ಡಾಕ್ಟರು ಕರೆಂಟ್ ಹಚ್ಚಬೇಕು. ಊರ ಬಾಯಲ್ಲಿ ನಮ್ಮದು 'ಕರೆಂಟ್ ಹಚ್ಚೋ ದವಾಖಾನಿ'. ಮುಂಡರಗಿ ಕಡೆಯ ಒಬ್ಬ ರೈತ ದಿನಾ ಜಗಳ ತೆಗೆಯುತ್ತಿದ್ದ:

"ಇವತ್ತ ಸಣ್ಣ ಹಚ್ಚೀಯಲ್ಲಬೇ? ನಿನ್ನೆ ಇದಕ್ಕಿಂತ ಜೋರ ಇತ್ತು!"

"ಸಣ್ಣದಲ್ಲಪಾ, ನಿನ್ನ ತೊಗಲು ದಪ್ಪ ಆಗೈತಿ."

ಜನಕ್ಕೆ ಅದು ಬಹಳ ಹಿಡಿಸಿತ್ತು. ತಾವು ಏನೂ ಮಾಡಬೇಕಾಗಿರಲಿಲ್ಲ, ಬಿದ್ದುಕೊಂಡರೆ ಆಯಿತು. ಹತ್ತು ದಿನ ಬಂದು ಆರಾಮಾಗಿ ಹೋಗುತ್ತಿದ್ದರು. ನಾಲ್ಕು ತಿಂಗಳಿಗೆ ಅದೇ ನೋವು ತೆಗೆದುಕೊಂಡು ತಿರುಗಿ ಬರುತ್ತಿದ್ದರು. ಅದನ್ನು ನಾನು ಹೇಳಿದರೆ ದೊಡ್ಡ ಡಾಕ್ಟರು, "ಬರಲಿ ಬಿಡವಾ, ಬಾಗಲಾ ತೆರದ ಐತಿ" ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಟವೆಲ್ ಬಿಸಿ ಕಡಿಮೆಯಾದರೆ ಮುಖಕ್ಕೆ ಎಸೆಯುತ್ತಿದ್ದರು, ಅಷ್ಟೇ.

ಅವರಿಗೆ ವಯಸ್ಸಾಗಿ ದವಾಖಾನೆಯನ್ನು ರೇಖಾ ಮೇಡಂ ಕೈಗೆ ಕೊಟ್ಟರು. ಹುಲಕೋಟಿ ಕಡೆಯ ಹುಡುಗಿ, ಆಗ ಮೂವತ್ತೂ ಆಗಿರಲಿಲ್ಲ. ಪುಣೆಯಲ್ಲಿ ಪಿಲಾಟಿಸ್ ಕಲಿತು ಬಂದಿದ್ದಳು. ಬಂದವಳೇ ಎರಡು ಮಷೀನಿನ ವೈರು ಕಿತ್ತು ಮೂಲೆಗೆ ಇಟ್ಟಳು. ನಾಲ್ಕು ಮಂಚ ಹೊರಗೆ ಹಾಕಿಸಿ ನೆಲಕ್ಕೆ ಮ್ಯಾಟ್ ಹಾಸಿದಳು. ಮರುದಿನ ಬಂದ ಜನ ಬಾಗಿಲಲ್ಲೇ ನಿಂತರು. "ಮಂಚ ಎಲ್ಲಿ ಹೋದುವ್ರಿ? ದವಾಖಾನಿ ಬರಖಾಸ್ತ ಆತೇನು?"

ನನಗೂ ನಂಬಿಕೆ ಇರಲಿಲ್ಲ. "ನೆಲದ ಮ್ಯಾಲ ಮಲಗೂದು ಕಲಸಾಕ ಪುಣೆ ತನಕ ಹೋಗಬೇಕೇನ್ರಿ ಮೇಡಂ?" ಎಂದೆ. ಮೇಡಂ ಸಿಟ್ಟಾಗಲಿಲ್ಲ. ಸಿಟ್ಟಾಗದಿರುವುದು ಆಕೆಯ ದೊಡ್ಡ ದೋಷ.

ಪಾರ್ಶ್ವವಾಯು ಆದ ಒಬ್ಬ ಗಂಡಸನ್ನು ಎತ್ತಿ ಕೂರಿಸಲು ಹೋಗಿ ನನ್ನ ನಡುವೇ ಹಿಡಿದುಕೊಂಡಾಗ ನಂಬಿಕೆ ಬಂತು. ಮೇಡಂ ನನ್ನನ್ನೇ ಮ್ಯಾಟಿನ ಮೇಲೆ ಮಲಗಿಸಿದಳು. ನೋವಿದ್ದ ಜಾಗವನ್ನು ಮುಟ್ಟಲೇ ಇಲ್ಲ. ಉಸಿರು ಬಿಡುತ್ತ ಹೊಟ್ಟೆ ಒಳಗೆ ಎಳೆದುಕೊಳ್ಳಿ ಎಂದಳು, ಒಂದು ಪಾದ ಎರಡು ಬೆರಳಿನಷ್ಟು ಎತ್ತಿ ಎಂದಳು. ಅಷ್ಟಕ್ಕೇ ನಾನು ಬೆವರಿದೆ. ಬಾಣಂತಿಯ ಹೊಟ್ಟೆಗೆ ನಾವು ಬಟ್ಟೆಯ ನಡುಕಟ್ಟು ಬಿಗಿಯುತ್ತೇವಲ್ಲ, ಅಂಥದೊಂದು ಕಟ್ಟು ಮೈಯ ಒಳಗೇ ಇದೆ. ನೋವು ಬಂದವರಲ್ಲಿ ಅದು ಸಡಿಲ ಬಿದ್ದಿರುತ್ತದೆ. ಅದನ್ನು ತಿರುಗಿ ಬಿಗಿ ಮಾಡುವುದು, ಬಿಗಿ ಇಟ್ಟುಕೊಂಡೇ ಕೈಕಾಲು ಆಡಿಸುವುದು. ನನಗೆ ತಿಳಿದ ಪಿಲಾಟಿಸ್ ಇಷ್ಟು. ಒಂದೂವರೆ ತಿಂಗಳಿಗೆ ತುಂಬಿದ ಕೊಡ ಎತ್ತಿದೆ. ಒಪ್ಪಿಕೊಂಡೆ. ಮೇಡಂಗೆ ಹೇಳಲಿಲ್ಲ.

ಆಮೇಲೆ ಆಕೆ ನನಗೆ ಕಲಿಸಿದಳು, ನಾನು ಜನಕ್ಕೆ ಕಲಿಸಿದೆ. ಕಲಿಸುವುದು ಎಂದರೆ ಹೇಳಿದ್ದನ್ನೇ ಹೇಳುವುದು. ಮೇಡಂ ಹೇಳುತ್ತಿದ್ದ ರೀತಿ ನಮ್ಮ ಹೆಂಗಸರಿಗೆ ಹತ್ತುತ್ತಿರಲಿಲ್ಲ. "ಹೊಕ್ಕಳಾ ಬೆನ್ನಿಗೆ ಹಚ್ಚರಿ" ಎಂದರೆ ಅವರು ಗಾಬರಿಯಾಗುತ್ತಿದ್ದರು. "ನಂದು ಬಟ್ಟಿ ಬಿದ್ದಿಲ್ರೀ, ನಡಾ ನೋಯಿಸ್ತೈತಿ" ಎನ್ನುತ್ತಿದ್ದರು. ಹೊಕ್ಕಳು ಸರಿದರೆ ಬಟ್ಟಿ ಬಿತ್ತು ಎಂದು ತೆಗೆಸಿಕೊಳ್ಳುವ ಜನ. ಹೊಕ್ಕಳ ಸುದ್ದಿ ತೆಗೆದರೆ ಅವರಿಗೆ ಬೇರೆ ರೋಗ ಕಾಣುತ್ತದೆ. ಒಂದು ದಿನ ನಾನು ನಡುವೆ ಬಾಯಿ ಹಾಕಿ ಒಬ್ಬಳಿಗೆ, "ಹಸಿ ಕಟಗಿ ಒಲಿ ಊದ್ತೀಯಲ್ಲವಾ, ಊದುಗೊಳವಿ ಹಿಡಕೊಂಡು? ಹಂಗ ಊದು" ಎಂದೆ. ಊದಿದಳು. ಹೊಟ್ಟೆ ತಾನೇ ಒಳಗೆ ಹೋಯಿತು. ಮೇಡಂ ನನ್ನ ಮುಖ ನೋಡಿದಳು. ಅವತ್ತಿನಿಂದ ಆಕೆಯೂ ಒಲೆ ಊದಿಸತೊಡಗಿದಳು. ಈಗಿನ ಸೊಸೆಯಂದಿರು ಗ್ಯಾಸ್ ಬಿಟ್ಟು ಬೇರೆ ಕಂಡಿಲ್ಲ. ಅವರಿಗೆ ಬಿಸಿ ಚಹಾ ಆರಿಸಿಕೊಳ್ಳಲು ಹೇಳಿ.

ಸೀರೆಯದು ಇನ್ನೊಂದು ರಗಳೆ. ಕಾಲೆತ್ತಿ ಎಂದರೆ ಯಾರು ಎತ್ತುತ್ತಾರೆ? ಮೇಡಂ ಪೈಜಾಮ ಹೊಲಿಸಿ ಇಟ್ಟಳು. ಒಬ್ಬಳೂ ಮುಟ್ಟಲಿಲ್ಲ. "ಹೊಲದಾಗ ಕಳೇವು ತಗಿಯಾಕ ಹೋದಾಗ ಕಚ್ಚಿ ಹಾಕ್ತೀರಲ್ಲ, ಹಂಗ ಹಾಕ್ರಿ" ಎಂದೆ. ಕಚ್ಚೆ ಹಾಕಿದರು. ಕೆಲಸಕ್ಕೆ ಹಾಕುವ ಕಚ್ಚೆಗೆ ನಾಚಿಕೆ ಇಲ್ಲ. ಮ್ಯಾಟ್ ಜಾರುತ್ತದೆ ಎಂದರು, ಮನೆಯಿಂದ ಹಳೆ ಸೀರೆಯ ಕೌದಿ ತಂದು ಹಾಸಿಕೊಂಡರು.

ಶಿರಹಟ್ಟಿಯಿಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬರುತ್ತಿದ್ದರು. ಕುತ್ತಿಗೆ ನೋವು. ಮಲಗಿಕೊಂಡೇ ಪಾಠ ಮಾಡುವವರು.

"ಚನ್ನವ್ವಾ, ಇದು ನಮ್ಮ ಯೋಗಾಸನದ ನಕಲು. ವಿಲಾಯತಿಯವರು ಹೆಸರು ಬದಲಾಯಿಸ್ಯಾರ."

"ಇರಬೋದ್ರಿ ಸರ. ನೀವು ಅಸಲಿ ಮಾಡ್ತಿದ್ರೇನು ಮನ್ಯಾಗ?"

"ಇಲ್ಲ."

"ಹಂಗಾರ ನಕಲಿನ ಮಾಡ್ರಿ. ಗಲ್ಲಾ ಒಳಗ ಜಗ್ರಿ."

ಅವರಿಗೆ ಒಂದು ಸಲ ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಕೆಗೆ ಕಟ್ಟಿ ಜಗ್ಗಲು ಹೇಳಿದ್ದೆ. ಹೊರಗಿನಿಂದ ಯಾರೋ ಬಾಗಿಲು ನೂಕಿದರು. ಮಾಸ್ತರರು ಹಿಂದಕ್ಕೆ ಹೋಗಿ ಕುರ್ಚಿಯಲ್ಲಿ ಕೂತರು. ಕುರ್ಚಿ ಇದ್ದದ್ದು ನನ್ನ ಪುಣ್ಯ. ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ. ಬಾಗಿಲಿಗೆ ಕಟ್ಟಬೇಡಿ.

ಲಕ್ಷ್ಮೇಶ್ವರದಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳೊಬ್ಬಳ ಬಲ ಭುಜ ಕಟ್ಟಿಕೊಂಡಿತ್ತು. ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಹದಿನೈದು ದಿನ ಬಸ್ಸಿನಲ್ಲಿ ಬಂದಳು, ಕೈ ಕಿವಿಯ ತನಕ ಬಂತು. ಮನೆಯಲ್ಲಿ ಮಾಡಲು ರಬ್ಬರ್ ಪಟ್ಟಿ ಕೊಟ್ಟು ಕಳಿಸಿದೆವು. ಎರಡು ತಿಂಗಳಿಗೆ ಭುಜ ಮೊದಲಿಗಿಂತ ಕೆಟ್ಟು ಬಂದಳು. ಪಟ್ಟಿ ಎಲ್ಲಿ ಎಂದರೆ, "ಛಲೋ ಐತ್ರಿ ಪಟ್ಟಿ. ಹಿಟ್ಟಿನ ಚೀಲದ ಬಾಯಿ ಕಟ್ಟೀನಿ. ಒಂದ ಇಲಿ ಹೋಗಿಲ್ಲ." ನೋವು ಕಡಿಮೆಯಾದ ದಿನವೇ ಜನ ಬಿಡುತ್ತಾರೆ. ಅದಕ್ಕೆ ನಾನು ಮೊದಮೊದಲು ಬೈಯುತ್ತಿದ್ದೆ. ಆಮೇಲೆ ಬೈಯುವುದಕ್ಕೂ ಸಾಕಾಯಿತು. ಮಲಗಿ ಎಂದು ಮೊದಲಿನಿಂದ ಶುರು ಮಾಡುತ್ತಿದ್ದೆ.

ಈಗ ತಪ್ಪಿನ ಸುದ್ದಿ.

ನಮ್ಮ ಕಡೆ ಹೆಣ್ಣುಮಕ್ಕಳು ದವಾಖಾನೆಗೆ ಒಬ್ಬರೇ ಬರುವುದು ಕಡಿಮೆ. ಸೊಸೆ ಬಂದರೆ ಜೊತೆಗೆ ಅತ್ತೆ ಬರುತ್ತಾಳೆ. ಬಂದವಳು ಸುಮ್ಮನೆ ಕೂಡುವುದಿಲ್ಲ. ಸೊಸೆಗೆ ಎಲ್ಲಿ ನೋವು, ಎಷ್ಟು ನೋವು, ನಿದ್ದೆ ಬಂತೋ ಇಲ್ಲವೋ, ಎಲ್ಲವನ್ನೂ ತಾನೇ ಹೇಳುತ್ತಾಳೆ. ಸೊಸೆ ಕೆಳಗೆ ನೋಡುತ್ತ ಕೂತಿರುತ್ತಾಳೆ. ಇದು ನಮಗೆಲ್ಲ ರೂಢಿ. ನಾನೂ ಸೊಸೆಯಾಗಿದ್ದಾಗ ನನ್ನ ಹೊಟ್ಟೆನೋವನ್ನು ನಮ್ಮ ಅತ್ತೆಯೇ ಹೇಳಿದ್ದು. ಹಾಗಾಗಿ ಅದರಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲಿಲ್ಲ.

ಮೇಡಂ ನನಗೆ ಒಂದು ಹಾಳೆ ಮಾಡಿಕೊಟ್ಟಿದ್ದಳು. ನಾನು ನಿಧಾನ ಓದುವವಳು ಎಂದು ಅಕ್ಷರದ ಜೊತೆ ಚಿತ್ರ ಬರೆದಿದ್ದಳು. ಬೆನ್ನಿನ ಚಿತ್ರ: ನೋವು ಹೆಚ್ಚೋ ಕಡಿಮೆಯೋ. ಕಾಲಿನ ಚಿತ್ರ: ಜೋಮು ಹಿಡಿದಿದೆಯೋ. ನಲ್ಲಿಯ ಚಿತ್ರ: ಮೂತ್ರ ಸರಾಗ ಆಗುತ್ತದೋ. ಕೊನೆಗೆ ಕುಂಡೆಯ ಚಿತ್ರ, ಅದರ ಮೇಲೆ ಚುಕ್ಕೆ: ಕೂಡುವ ಜಾಗ ಮರಗಟ್ಟಿದೆಯೋ. ಬೆನ್ನು ನೋವಿನವರು ಮ್ಯಾಟಿಗೆ ಹೋಗುವ ಮೊದಲು ಪ್ರತಿ ದಿನ ನಾಲ್ಕನ್ನೂ ಕೇಳಿ ಗುರುತು ಹಾಕಬೇಕು. "ಕಡೀವು ಎರಡರಾಗ ಒಂದು ಕೆಟ್ಟರೂ ಕಸರತ್ತು ಬಂದ್, ನನಗ ಫೋನ್" ಎಂದು ಮೇಡಂ ಹೇಳಿದ್ದಳು. ಎಷ್ಟೋ ವರ್ಷ ಕೇಳಿದೆ. ಯಾರೂ ಕೆಟ್ಟಿದೆ ಎಂದು ಹೇಳಿರಲಿಲ್ಲ. ಹಾಗಾಗಿ ಕೇಳುವುದು ಬಾಗಿಲ ಮುಂದೆ ಕಸ ಗುಡಿಸಿದ ಹಾಗೆ ಆಗಿಬಿಟ್ಟಿತ್ತು. ಕೈ ತಾನೇ ಮಾಡುತ್ತಿತ್ತು.

ರತ್ನವ್ವನಿಗೆ ಆಗ ಮೂವತ್ತೈದರ ಆಸುಪಾಸು. ಮನೆಯಲ್ಲಿ ಎರಡು ಕುಣಿಮಗ್ಗ, ಒಂದು ಗಂಡನದು, ಒಂದು ಈಕೆಯದು. ಕುಣಿಮಗ್ಗ ಎಂದರೆ ನೆಲದಲ್ಲಿ ಗುಂಡಿ. ನೇಯುವವರು ದಂಡೆಗೆ ಕೂತು ಕಾಲು ಗುಂಡಿಯಲ್ಲಿ ಇಳಿಬಿಟ್ಟು ಹಲಗೆ ತುಳಿಯಬೇಕು. ಹಗಲೆಲ್ಲ ಕೂತು ನಡುವಿನ ಡಿಸ್ಕ್ ಸರಿದಿತ್ತು, ನೋವು ಬಲಗಾಲಿಗೆ ಇಳಿದಿತ್ತು. ಮೂರು ವಾರದಲ್ಲಿ ಸುಧಾರಿಸುತ್ತ ಬಂದಳು. ನಗಿಸುವ ಹೆಂಗಸು.

"ಆಯಿ, ಸೀರಿ ನೇಯೂದು ಸಸಾರ ಬೇ. ನಿನ್ನ ಮುಂದ ಮಲಗೂದು ಭಾಳ ತ್ರಾಸು."

"ಹಂಗಾರ ನೀ ನನ್ನ ಮಲಗಸು, ನಾ ನಿನ್ನ ಸೀರಿ ನೇಯ್ತೀನಿ."

"ನೀ ನೇಯ್ದ ಸೀರಿ ಯಾರ ಉಡ್ತಾರ?"

ಆಕೆಯ ಅತ್ತೆ ಗೌರವ್ವ ನನ್ನ ವಾರಿಗೆಯವಳು. ದಿನಾ ಜೊತೆಗೆ ಬಂದು ಗೋಡೆಗೆ ಒರಗಿ ಕೂಡುತ್ತಿದ್ದಳು.

ಬುಧವಾರ ಮೇಡಂ ಮುಂಡರಗಿಗೆ ಹೋಗುತ್ತಿದ್ದಳು, ಅಲ್ಲಿಯ ಪೇಷಂಟ್‌ಗಳನ್ನು ನೋಡಲು. ಅಂಥ ಒಂದು ಬುಧವಾರ, ದವಾಖಾನೆ ತುಂಬಿತ್ತು. ರತ್ನವ್ವ ಅತ್ತೆಯ ಭುಜ ಹಿಡಿದು ಬಂದಳು. ನಾನು ಹಾಳೆ ಹಿಡಿದು, "ಮೂತ್ರ, ಕೂಡೂ ಜಾಗಾ, ಎಲ್ಲಾ ಸರಿ ಐತೇನು?" ಎಂದೆ. ಕೋಣೆಯಲ್ಲಿ ಗಂಡಸರೂ ಇದ್ದರು. ಗೌರವ್ವ ಸೆರಗು ಸರಿಮಾಡಿಕೊಂಡು, "ಎಲ್ಲಾ ಆರಾಮ ಐತ್ರಿ ಅಕ್ಕಾರ, ಜಲ್ದಿ ಮಾಡಿ ಕಳಸ್ರಿ, ಮನ್ಯಾಗ ಮಗ್ಗ ನಿಂತೈತಿ" ಎಂದಳು. ರತ್ನವ್ವ ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. ನಾನು ನಾಲ್ಕಕ್ಕೂ ಸರಿ ಗುರುತು ಹಾಕಿದೆ.

ಕಾಲೆತ್ತು ಎಂದೆ. ಎತ್ತಲು ಹೋಗಿ ನಿಲ್ಲಿಸಿದಳು. "ಆಯಿ, ಈ ಕಾಲು ನಂದಲ್ಲ ಅನಸ್ತೈತಿ."

"ಮತ್ತ್ಯಾರದು, ನಂದೇನು? ಸೋಗ ಮಾಡಬ್ಯಾಡ, ಎತ್ತು."

ಎತ್ತಿದಳು, ಮುಗಿಸಿದಳು, ಎದ್ದಳು. ಕೌದಿ ಒದ್ದೆಯಾಗಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ; ನಾನು ಬೆರಳು ಮಾಡಿದ ಮೇಲೆ ನೋಡಿದಳು. ಮುಖ ಬಿಳಿಚಿಕೊಂಡಿತು. ಗೌರವ್ವ ಹಲ್ಲು ಕಡಿದು, "ಮರ್ಯಾದಿ ಕಳದಿ" ಎಂದು ಪಿಸುಗುಟ್ಟಿದಳು. ಎರಡು ಹೆತ್ತವಳು, ಬಲ ಹಾಕಿದಾಗ ಹೀಗಾಗುತ್ತದೆ, ನೂರು ಹೆಂಗಸರಲ್ಲಿ ನೋಡಿದ್ದೇನೆ ಎಂದುಕೊಂಡೆ. ಕೌದಿಯನ್ನು ಒಗೆದು ಹಾಕಿದೆ. ಮುಂದಿನವರನ್ನು ಕರೆದೆ.

ಸಂಜೆ ನಾಲ್ಕರ ಸುಮಾರಿಗೆ ಮೇಡಂ ಬಂದು ಚಹಾ ಕುಡಿಯುತ್ತಿದ್ದಳು. ನಾನು ದೂರು ಹೇಳಿದ ಹಾಗೆ, "ರತ್ನವ್ವ ಇವತ್ತ ಕೌದಿ ತೋಯಿಸಿ ಹೋದಳ್ರಿ" ಎಂದೆ.

ಮೇಡಂ ಕಪ್ಪು ಕೆಳಗಿಟ್ಟಳು. "ತೋಯ್ಸಿದ್ದು ಆಕಿಗೆ ಗೊತ್ತಾತೇನು?"

"ಇಲ್ರಿ. ನಾ ತೋರಿಸಿದ ಮ್ಯಾಲ ನೋಡಿದಳು."

"ಹಾಳಿ ತಗೊಂಬರ್ರಿ."

ಕೊಟ್ಟೆ. ನಾಲ್ಕು ಗುರುತು. "ಇದನ್ನ ಯಾರು ಹೇಳಿದ್ದು ಚನ್ನವ್ವಾರ?"

"ಅತ್ತಿ."

ಇಬ್ಬರೂ ಆಟೋ ಹಿಡಿದು ಬೆಟಗೇರಿಗೆ ಹೋದೆವು. ರತ್ನವ್ವ ಮಗ್ಗದ ಕಂಬಕ್ಕೆ ಒರಗಿ ಕೂತಿದ್ದಳು. ಮೇಡಂ ಎಲ್ಲರಿಗೂ ಹೊರಗೆ ಹೋಗಿ ಎಂದಳು. ಗಂಡ ಹೋದ. ಗೌರವ್ವ ನಿಂತಳು. "ನನ್ನ ಮುಂದ ಹೇಳಬಾರದ್ದು ಏನೈತ್ರಿ?"

"ಹೊರಗ ಕುಂಡ್ರಿ," ಎಂದಳು ಮೇಡಂ. ಆಕೆಗೆ ಆ ದನಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಬಾಗಿಲು ಹಾಕಿದ ಮೇಲೆ ರತ್ನವ್ವ ಹೇಳಿದಳು. ಹಿಂದಿನ ದಿನ ಮಧ್ಯಾಹ್ನದಿಂದ ಕೂತದ್ದೇ ತಿಳಿಯುತ್ತಿಲ್ಲ. ಮೂತ್ರಕ್ಕೆ ಹೋದರೆ ಬರುವುದಿಲ್ಲ, ಎದ್ದರೆ ತಾನೇ ಸೋರುತ್ತದೆ. ಎರಡೂ ಕಾಲು ಭಾರ. ಮೇಡಂ, "ಮುಂಜಾನೆ ಯಾಕ ಹೇಳಲಿಲ್ಲವಾ?" ಎಂದಳು. ರತ್ನವ್ವ ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ಕೇಳಿದ್ದು ನನ್ನನ್ನಲ್ಲ."

ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದರು. ಅದೇ ರಾತ್ರಿ ಆಪರೇಶನ್ ಆಯಿತು. ಬೆನ್ನಿನ ಕೆಳಗಿನ ನರಗಳ ಗೊಂಚಲನ್ನು ಡಿಸ್ಕ್ ಹಿಚುಕಿತ್ತು. ಹೀಗಾದಾಗ ಗಂಟೆ ಗಂಟೆಯೂ ಲೆಕ್ಕ. ಏನು ತಿರುಗಿ ಬರುತ್ತದೆ, ಏನು ಬರುವುದಿಲ್ಲ, ಈಗ ಹೇಳಲಾಗದು ಎಂದರು ಅಲ್ಲಿಯ ಡಾಕ್ಟರು. ಮುಂಜಾನೆ ಹತ್ತಕ್ಕೆ ಕೇಳಬೇಕಾದದ್ದನ್ನು ಸಂಜೆ ಐದಕ್ಕೆ ಕೇಳಿದ್ದೆವು. ಆ ನಡುವಿನ ಹೊತ್ತು ನನ್ನದು.

ಮೇಡಂ ಬೈಯಲಿಲ್ಲ. "ತಪ್ಪು ನಂದು, ನಿಮ್ಮೊಬ್ಬರನ್ನ ಬಿಟ್ಟು ಹೋದೆ" ಎಂದಳು. ನನಗೆ ಸಿಟ್ಟು ಬಂತು. "ನನ್ನ ತಪ್ಪು ನನಗ ಬಿಡ್ರಿ ಮೇಡಂ. ಅದನ್ನೂ ನೀವ ಇಟಗೋಬ್ಯಾಡ್ರಿ" ಎಂದೆ. ಆ ವಾರ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಮನೆಗೆ ಬಂದಾಗ ರತ್ನವ್ವನಿಗೆ ಮೂತ್ರದ ನಳಿಕೆ ಇತ್ತು. ನಿಲ್ಲಲು ಇಬ್ಬರು ಬೇಕು. ಬಲಗಾಲಿನ ಪಾದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ನಾನು ಹೋದೆ. ಗಂಡ ಬಾಗಿಲಲ್ಲಿ ಅಡ್ಡ ನಿಂತ.

"ಇನ್ನೇನ ಉಳದೈತಿ ಅಂತ ಬಂದೀರಿ?"

"ತಪ್ಪು ನಂದು. ಕಸರತ್ತು ನನಗ ಬರ್ತೈತಿ, ಮೇಡಂ ಹೇಳಿಕೊಟ್ಟಾರ. ಬ್ಯಾಡ ಅಂದ್ರ ಹೋಗ್ತೀನಿ."

ಒಳಗಿನಿಂದ ರತ್ನವ್ವನ ದನಿ ಬಂತು: "ಬರಲಿ."

ಒಳಗೆ ಹೋದೆ. ಗೌರವ್ವ ಸೊಸೆಯ ತಲೆದೆಸೆಗೆ ಕೂತಿದ್ದಳು. ಯಾರೂ ಕೇಳದೆ ತಾನೇ ಹೇಳಿದಳು: "ನನಗ ಗೊತ್ತಿತ್ತು. ಹಿಂದಿನ ದಿನಾನ ಹೇಳಿದ್ದಳು. ಗಂಡಸರ ಮುಂದ ಅಂಥಾದ್ದೆಲ್ಲಾ ಮಾತಾಡಬ್ಯಾಡ ಅಂತ ನಾನ ಬಾಯಿ ಮುಚ್ಚಿಸಿದೆ." ಹೇಳಿ ಎದ್ದು ಅಡುಗೆ ಮನೆಗೆ ಹೋದಳು. ಅದರಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ. ಆಕೆ ಈ ಕೆಲಸ ಕಲಿತವಳಲ್ಲ, ಹಾಳೆ ಆಕೆಯ ಕೈಯಲ್ಲಿ ಇರಲಿಲ್ಲ.

ನಾನು ಕೌದಿ ಹಾಸಿದೆ. ರತ್ನವ್ವ ಅಲುಗಲಿಲ್ಲ.

"ಮೊದಲ ಕೇಳು."

"ಏನ?"

"ಅವತ್ತ ಕೇಳಬೇಕಾಗಿತ್ತಲ್ಲ, ಅದನ್ನ. ನನ್ನ ಮುಖಾ ನೋಡಿ ಕೇಳು. ಜೋರಾಗಿ."

ಕೇಳಿದೆ. ಬಾಗಿಲಲ್ಲಿ ಗಂಡ ನಿಂತಿದ್ದ, ಅಂಗಳದಲ್ಲಿ ನೆರೆಮನೆಯವರು ಇದ್ದರು. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಳು, ಎಲ್ಲರಿಗೂ ಕೇಳುವ ಹಾಗೆ. ಮೂತ್ರ ಇಲ್ಲ, ನಳಿಕೆ ಐತಿ. ಕೂಡೂ ಜಾಗಾ ಗೊತ್ತಾಗವಲ್ದು. ಆಮೇಲೆ ವಾರಕ್ಕೆ ಮೂರು ದಿನ ಹೋದೆ. ಮೂರೂ ದಿನ ಇದೇ. ಬಾಗಿಲು ದಾಟುತ್ತಿದ್ದ ಹಾಗೆ, "ಕೇಳು". ಬೇರೆ ಮಾತಿಲ್ಲ, ನಗುವಿಲ್ಲ. ಮೊದಲಿನ ಹಾಗೆ ಸಲಿಗೆಯಿಂದ 'ಬೇ' ಎನ್ನುವುದನ್ನೂ ಬಿಟ್ಟಿದ್ದಳು.

ಕೆಲಸ ಮೊದಲಿನ ಪಾಠದಿಂದ. ಒಲೆ ಊದು. ಮೊದಲ ತಿಂಗಳು ಊದುವುದೇ ಆಯಿತು. ಊದುತ್ತ ಕೆಳಗಿನ ಬಾಗಿಲನ್ನು ಮೇಲೆಳೆದುಕೋ, ಮೂತ್ರ ತಡೆದ ಹಾಗೆ. "ತಡಿಯಾಕ ಬರವಲ್ದು ಅಂತನ ನಿನ್ನ ಒಳಗ ಬಿಟ್ಟೇನಿ" ಎಂದಳು. ಬರದಿದ್ದರೂ ಬಂದ ಹಾಗೆ ಮನಸ್ಸಿನಲ್ಲಿ ಮಾಡು ಎಂದು ಮೇಡಂ ಹೇಳಿದ್ದನ್ನೇ ಹೇಳಿದೆ. ಮಾಡಿದಳು. ಕಸಬರಿಗೆಯ ಕಡ್ಡಿ ಮುರಿದು ಆಕೆಯ ಪಾದ, ಮೀನಖಂಡ, ತೊಡೆ ಮುಟ್ಟಿ, ಕಣ್ಣು ಮುಚ್ಚಿಸಿ, "ಎಲ್ಲಿ?" ಎಂದು ಕೇಳುತ್ತಿದ್ದೆ. ವಾರಗಟ್ಟಲೆ "ಇಲ್ಲ, ಇಲ್ಲ." ಒಂದು ದಿನ ತೊಡೆಯ ಹಿಂದೆ ಮುಟ್ಟಿದಾಗ, "ಚುಚ್ಚಬ್ಯಾಡ" ಎಂದಳು. ನಾನು ಚುಚ್ಚಿರಲಿಲ್ಲ. ಅಡುಗೆ ಮನೆಯಲ್ಲಿ ಗೌರವ್ವನ ಸೌಟಿನ ಸದ್ದು ನಿಂತಿತು.

ಆಮೇಲೆ ನಳಿಕೆ ತೆಗೆದರು. ಹೊತ್ತಿಗೆ ಸರಿಯಾಗಿ ಹೋಗುವುದನ್ನು ಕಲಿತಳು. ಮಲಗಿ ನಡು ಎತ್ತಿದಳು, ಒಂದು ಮಗ್ಗಲಿಗೆ ಮಲಗಿ ಕಾಲೆತ್ತಿದಳು, ಕೈ, ಮೊಣಕಾಲು ಊರಿ ನಿಂತು ಒಂದು ಕೈ ಚಾಚಿದಳು. ಬರೆಯಲು ಒಂದು ಸಾಲು. ಮಾಡಲು ಎಂಟು ತಿಂಗಳು. ಎಷ್ಟೋ ದಿನ ಇಬ್ಬರಿಗೂ ಬೇಸರ. ಆಕೆ ಕೌದಿಯ ಮೇಲೆ ಬಿದ್ದು ಮೇಲ್ಛಾವಣಿ ನೋಡುತ್ತಿದ್ದಳು, ನಾನು ಗೋಡೆಗೆ ಒರಗಿ ನನ್ನ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದೆ. ಗಂಡನ ಮಗ್ಗ ಒಂದೇ ಕಟಕಟ ಅನ್ನುತ್ತಿತ್ತು. ಈಕೆಯ ಮಗ್ಗಕ್ಕೆ ಬಟ್ಟೆ ಮುಚ್ಚಿದ್ದರು. ಅದನ್ನು ಬಿಚ್ಚಿ ಮಾರಿದರೆ ಜಾಗವಾದರೂ ಆಗುತ್ತದೆ ಎಂದು ಯಾರೋ ಸಂಬಂಧಿಕರು ಹೇಳಿದ ದಿನ ರತ್ನವ್ವ ಹೇಳಿದ್ದಕ್ಕಿಂತ ಎರಡು ಪಟ್ಟು ಕಾಲೆತ್ತಿದಳು. ನಾನು ಸಾಕು ಎಂದರೂ ಕೇಳಲಿಲ್ಲ. ಮರುದಿನ ಏಳಲಾಗಲಿಲ್ಲ. ಅದಕ್ಕೂ ಬೈಸಿಕೊಂಡವಳು ನಾನೇ.

ಕೋಲು ಹಿಡಿದು ನಡೆದಳು. ಕೋಲು ಬಿಟ್ಟು ನಡೆದಳು. ಬಲಪಾದಕ್ಕೆ ಮಾತ್ರ ಪೂರ್ತಿ ಬಲ ಬರಲಿಲ್ಲ. "ಕಾಲು ನಿಂದಾತೇನ?" ಎಂದು ಒಂದು ಸಲ ಕೇಳಿದೆ. "ಅರ್ಧ" ಎಂದಳು. ಇನ್ನು ಬರುವುದು ಬಹಳ ಕಡಿಮೆ ಎಂದು ಮೇಡಂ ಆಕೆಗೆ ಮುಚ್ಚಿಡದೆ ಹೇಳಿದಳು.

ಹುಡುಗಿಯರೇ, ಮೇಡಂ ಈಗ ಗೋಡೆಯಿಂದ ಗೋಡೆಗೆ ಒಂದು ಪರದೆ ಹಾಕಿಸಿದ್ದಾಳಲ್ಲ, ಅದು ಯಾಕೆಂದು ನೀವು ಕೇಳಿದ್ದಿರಿ. ಇದಕ್ಕೇ. ಅತ್ತೆ ಬರಲಿ, ತಾಯಿ ಬರಲಿ, ಗಂಡ ಬರಲಿ, ಅವರಿಗೆ ಹೊರಗೆ ಕುರ್ಚಿ ಕೊಡಿ, ಚಹಾ ಕೊಡಿ. ಒಳಗೆ ಒಬ್ಬಳನ್ನೇ ಕೂರಿಸಿ ಕೇಳಿ. ಸಿಟ್ಟಾಗುತ್ತಾರೆ, ನಮ್ಮ ಮೇಲೆ ಭರವಸೆ ಇಲ್ಲೇನು ಎನ್ನುತ್ತಾರೆ. ಅನ್ನಲಿ. ಮೂತ್ರ ಎನ್ನಲು ನಿಮಗೇ ನಾಚಿಕೆಯಾದರೆ ಬೇರೆ ಕೆಲಸ ನೋಡಿಕೊಳ್ಳಿ. ಕಾಲು ನನ್ನದಲ್ಲ ಎಂದು ಯಾರಾದರೂ ಹೇಳಿದರೆ ಹಾಸ್ಯ ಮಾಡಬೇಡಿ.

ನಾನು ಕೆಲಸ ಬಿಡುವ ಮೊದಲಿನ ಚಳಿಗಾಲದಲ್ಲಿ ಒಂದು ಮುಂಜಾನೆ ಹೋದಾಗ ರತ್ನವ್ವ ಕೌದಿ ಹಾಸಿರಲಿಲ್ಲ. ಮಗ್ಗದ ಮೇಲಿನ ಬಟ್ಟೆ ತೆಗೆದಿದ್ದಳು. ಗಂಡ ಹೊಸ ನೂಲಿನ ಹಾಸು ಏರಿಸಿ ಕೊಟ್ಟಿದ್ದ.

"ಬ್ಯಾಡ ಅಂದೇನಿ," ಎಂದ ನನ್ನ ಕಡೆ ನೋಡಿ. "ನೀವರೇ ಹೇಳ್ರಿ."

"ನಾ ಯಾಕ ಹೇಳಲಿ? ಅದಕ್ಕ ಒಂದ ವರ್ಷ ಕಲಿಸೇನಿ."

ರತ್ನವ್ವ ದಂಡೆಗೆ ಕೂತಳು. ಕೈಯಿಂದ ಬಲಗಾಲು ಎತ್ತಿ ಗುಂಡಿಗೆ ಇಳಿಬಿಟ್ಟಳು, ಎಡಗಾಲು ತಾನೇ ಇಳಿಯಿತು. ಗೌರವ್ವ ಹಿಂದೆ ಕೈ ಚಾಚಿ ನಿಂತಳು. "ಹಿಂದ ಸರಿ ಅತ್ತಿ, ಬೀಳೂದಿಲ್ಲ ನಾ" ಎಂದಳು ರತ್ನವ್ವ. ಬೆನ್ನು ನೆಟ್ಟಗೆ ಮಾಡಿದಳು. ಉಸಿರು ಊದಿದಳು. ನಾನು ಹೇಳಿಕೊಡಲಿಲ್ಲ.

ಎಡಗಾಲು ತುಳಿಯಿತು, ಎಳೆಗಳು ತೆರೆದವು, ಲಾಳಿ ಆ ಕಡೆ ಹೋಯಿತು. ಬಲಗಾಲು ತುಳಿಯಿತು. ಹಲಗೆ ಅರ್ಧಕ್ಕೆ ನಿಂತಿತು. ಎಳೆಗಳು ಪೂರ್ತಿ ತೆರೆಯಲಿಲ್ಲ. ಆದರೂ ಆಕೆ ಲಾಳಿ ಬಿಟ್ಟಳು. ಅದು ಸಿಕ್ಕಿಕೊಂಡು ನಾಲ್ಕೈದು ಎಳೆ ಹರಿದವು. ಆಕೆ ಲಾಳಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಪಾದ ಬಿಟ್ಟು ತೊಡೆಯ ಬಲದಿಂದ, ಹಿಮ್ಮಡಿ ಊರಿ, ಮತ್ತೆ ತುಳಿದಳು. ಹಲಗೆ ತಳ ಮುಟ್ಟಿತು. ಇನ್ನೊಂದು ಸಲ ತುಳಿದು ನೋಡಿದಳು. ಮುಟ್ಟಿತು.

ನಾನು ಬಾಗಿಲಲ್ಲಿ ನಿಂತಿದ್ದೆ. ಕೂಡಲು ಯಾರೂ ಹೇಳಲಿಲ್ಲ, ನನಗೂ ನೆನಪಾಗಲಿಲ್ಲ. ಅವತ್ತು ಆಕೆ 'ಕೇಳು' ಎಂದೂ ಹೇಳಿರಲಿಲ್ಲ. ಆಕೆ ಹರಿದ ಎಳೆಯ ತುದಿ ಹುಡುಕತೊಡಗಿದಳು, ಸಿಗಲಿಲ್ಲ, ಕಣ್ಣು ಕಿರಿದು ಮಾಡಿ ತಲೆ ಎತ್ತಿದಳು.

"ಅತ್ಲಾಗ ಸರಿ ಬೇ. ಎಳಿ ಕಟ್ಟಬೇಕು, ನಿನ್ನ ನೆರಳ ಬೀಳಾಕತ್ತೈತಿ."

ಸರಿದೆ. ಬೆಳಕು ಒಳಗೆ ಹೋಯಿತು. ನಾನು ಅಂಗಳಕ್ಕೆ ಇಳಿದು ಚಪ್ಪಲಿ ಮೆಟ್ಟಿಕೊಂಡೆ.